ಗೋಡೆಯ ಗೂಡುಹುಳು, ಬಟ್ಟೆಯ ಗೂಡುಹುಳು: ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ

ಬಚ್ಚಲು ಮನೆಯ ಗೋಡೆಯ ಮೇಲೆ ಬೂದು ಬಣ್ಣದ ಒಂದು ಚೂರು ಅಂಟಿಕೊಂಡಿರುತ್ತದೆ. ಗಾರೆಯ ತುಣುಕು ಇರಬೇಕು ಅಂದುಕೊಂಡು ಸುಮ್ನೆ ಇರುತ್ತೀರಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವಷ್ಟರಲ್ಲಿ ಅದು ನಾಲ್ಕು ಬೆರಳು ಮೇಲೆ ಹೋಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ಅದರ ತುದಿಯಿಂದ ಪುಟ್ಟ ಕಂದು ತಲೆಯೊಂದು ಹೊರಗೆ ಬರುತ್ತದೆ. ಕಾಲೂರಿ ಗೋಡೆ ಹಿಡಿಯುತ್ತದೆ. ಆಮೇಲೆ ಆ ಚೂರನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ.

ನಮ್ಮ ಕಡೆ ಇದನ್ನು ನೋಡದವರು ಕಡಿಮೆ. ಕರಾವಳಿ, ಮಲೆನಾಡಿನ ಮನೆಗಳಲ್ಲಂತೂ ತೇವ ಜಾಸ್ತಿ, ಇದೂ ಜಾಸ್ತಿ. ನೋಡಿದವರು ಮೊದಲು ಕೇಳುವುದು ಒಂದೇ ಮಾತು: ಇದು ಬಟ್ಟೆ ತಿನ್ನುತ್ತಾ?

ಯಾವ ಹುಳು ಅಂತ ಗೊತ್ತಾದರೆ ಮಾತ್ರ ಇದಕ್ಕೆ ಉತ್ತರ ಹೇಳಬಹುದು. ಗೂಡು ಹೊತ್ತು ತಿರುಗುವ ಎರಡು ಹುಳುಗಳು ನಮ್ಮ ಮನೆಗಳಿಗೆ ಸಂಬಂಧಪಟ್ಟವು. ಒಂದು ಫೆರಿಯೋಕಾ, ಇನ್ನೊಂದು ಟೀನಿಯಾ. ಎರಡೂ ಟೀನಿಡೇ ಎಂಬ ಒಂದೇ ಕುಟುಂಬದ ಪತಂಗಗಳ ಮರಿಗಳು. ಎರಡೂ ರೇಷ್ಮೆ ನೂಲಿನಿಂದ ಗೂಡು ನೇಯುತ್ತವೆ, ಎರಡರ ಗೂಡಿಗೂ ಎರಡು ಬಾಯಿ. ಈ ಬರಹದಲ್ಲಿ ಮೊದಲನೆಯದನ್ನು ಗೋಡೆಹುಳು, ಎರಡನೆಯದನ್ನು ಬಟ್ಟೆಹುಳು ಅಂತ ಕರೆಯುತ್ತೇನೆ.

ನನ್ನ ಒಂದು ಕೋರಿಕೆ. ಸ್ಪ್ರೇ ಡಬ್ಬಿಗೆ ಕೈ ಹಾಕುವ ಮೊದಲು ಒಂದು ಹತ್ತು ನಿಮಿಷ ಆ ಗೂಡನ್ನು ನೋಡಿ. ಹುಳು ಎಲ್ಲಿ ಬೆಳೆಯಿತು, ಸುತ್ತಮುತ್ತ ಏನಿತ್ತು ಅನ್ನುವುದೆಲ್ಲ ಆ ಗೂಡಿನ ಗೋಡೆಯಲ್ಲೇ ಸಿಗುತ್ತದೆ. ಎರಡನ್ನೂ ಬೇರೆ ಮಾಡಲು ನಾನು ಹೆಚ್ಚು ನಂಬುವುದು ಗೂಡನ್ನೇ. ರೆಕ್ಕೆಯನ್ನು ಅಷ್ಟು ನಂಬುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಗೂಡು ಅಂದರೆ ಏನು

ರಾಮನಗರ, ಕೋಲಾರದ ಕಡೆಯವರಿಗೆ ಗೂಡು ಅಂದ ಕೂಡಲೇ ರೇಷ್ಮೆ ಗೂಡು ನೆನಪಾಗುತ್ತದೆ. ರೇಷ್ಮೆ ಹುಳು ನಾಲ್ಕು ಜ್ವರ (ಅಂದರೆ ನಾಲ್ಕು ಸಲ ಪೊರೆ ಬಿಡುವ ಹಂತ) ಕಳೆದು, ಪೂರ್ತಿ ಬೆಳೆದು ಹಣ್ಣಾದ ಮೇಲೆ, ಕೊನೆಗೊಮ್ಮೆ ಗೂಡು ಕಟ್ಟುತ್ತದೆ. ಕಟ್ಟಿದ ಮೇಲೆ ಅಲ್ಲಾಡುವುದಿಲ್ಲ. ನಮ್ಮ ಈ ಹುಳುಗಳ ರೀತಿ ಬೇರೆ. ಇವು ಎಳೆಯ ಮರಿಯಾಗಿದ್ದಾಗಲೇ ಗೂಡಿನ ಕೆಲಸಕ್ಕೆ ಕೂರುತ್ತವೆ. ಬೆಳೆದ ಹಾಗೆಲ್ಲ ಗೂಡನ್ನೂ ಬೆಳೆಸುತ್ತವೆ, ಹೋದಲ್ಲೆಲ್ಲ ಹೊತ್ತೊಯ್ಯುತ್ತವೆ. ಕೊನೆಗೆ ಕೋಶವಾಗುವುದೂ, ಅಂದರೆ ಪತಂಗವಾಗುವ ಮೊದಲಿನ ಹಂತ ಕಳೆಯುವುದೂ, ಅದರೊಳಗೇ. ಫೆರಿಯೋಕಾ ಎಂಬ ಹೆಸರೇ ಗ್ರೀಕ್ ಮಾತಿನಲ್ಲಿ ‘ಮನೆ ಹೊರುವುದು’ ಎಂಬ ಅರ್ಥದ್ದು.

ಗೋಡೆಹುಳು ಗೂಡು ಶುರು ಮಾಡುವ ರೀತಿ ನೋಡಲು ಚೆಂದ. ಮೊದಲು ನೆಲದ ಮೇಲೆ ರೇಷ್ಮೆಯ ಒಂದು ಪುಟ್ಟ ಕಮಾನು ಕಟ್ಟುತ್ತದೆ. ಅದರ ಎರಡೂ ಕಾಲು ನೆಲಕ್ಕೆ ಅಂಟಿರುತ್ತವೆ. ಕಮಾನಿನ ಹೊರಗಡೆಗೆ ಮರಳು, ಧೂಳಿನ ಕಣಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಕಮಾನನ್ನು ಉದ್ದ ಮಾಡಿದಾಗ ಅದು ಸುರಂಗವಾಗುತ್ತದೆ. ಕೊನೆಗೆ ಕೆಳಗೂ ನೂಲು ನೇಯ್ದು, ನೆಲದಿಂದ ಬಿಡಿಸಿಕೊಂಡು ಹೊರಟುಬಿಡುತ್ತದೆ.

ಬೇಕಾದ ಸಾಮಾನು

ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಜಾಮಿಟ್ರಿ ಬಾಕ್ಸಿನ ಸ್ಕೇಲು, ಬಿಳಿ ಹಾಳೆ, ಮೆತ್ತನೆಯ ಬಣ್ಣದ ಬ್ರಷ್, ಟಾರ್ಚು, ತೊಳೆದು ಒಣಗಿಸಿದ ಜಾಮ್ ಬಾಟಲಿ ಇದ್ದರೆ ಸಾಕು. ಮಸೂರ ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಬಹುದು.

ಹಂತ 1: ಸಿಕ್ಕಿದ ಜಾಗ ಬರೆದಿಡಿ

ಗೂಡನ್ನು ತೆಗೆಯುವ ಮೊದಲೇ ಅದು ಎಲ್ಲಿತ್ತು ಅಂತ ಬರೆಯಿರಿ. ‘ಮನೆಯಲ್ಲಿ’ ಅಂದರೆ ಸಾಲದು. ಬಚ್ಚಲಿನ ಗೋಡೆ, ನೆಲದಿಂದ ಎರಡು ಅಡಿ ಮೇಲೆ, ಹತ್ತಿರದಲ್ಲಿ ಜೇಡರ ಬಲೆ ಇದೆ, ಹೀಗಿರಲಿ. ಅಥವಾ ಕಬ್ಬಿಣದ ಟ್ರಂಕಿನೊಳಗೆ, ಮಡಿಸಿಟ್ಟ ಕಂಬಳಿಯ ಎರಡನೇ ಪದರದಲ್ಲಿ, ಹೀಗಿರಲಿ.

ಗೋಡೆಹುಳುವಿಗೆ ತೇವ ಬೇಕು. ಬಚ್ಚಲು, ಗ್ಯಾರೇಜು, ಮೆಟ್ಟಿಲ ಕೆಳಗಿನ ಮೂಲೆ, ಬೀರುವಿನ ಹಿಂದಿನ ಗೋಡೆ, ನೆಲ ಮತ್ತು ಗೋಡೆ ಸೇರುವ ಅಂಚು ಇದರ ಜಾಗಗಳು. ಇದರ ಮುಖ್ಯ ಆಹಾರ ಹಳೆಯ ಜೇಡರ ಬಲೆ. ಜೊತೆಗೆ ಸತ್ತ ಕೀಟ, ಉದುರಿದ ಕೂದಲು, ತನ್ನದೇ ಜಾತಿಯ ಹಳೆಯ ಖಾಲಿ ಗೂಡು. ಪನಾಮಾದಲ್ಲಿ ಇದನ್ನು ಸಾಕಿ ನೋಡಿದ ಆನೆಟ್ ಐಯೆಲ್ಲೊ ಎಂಬ ವಿಜ್ಞಾನಿ 1979ರಲ್ಲಿ ಇದರ ಜೀವನಕ್ರಮವನ್ನು ಬರೆದರು. ಅವರು ಮರಿಗಳಿಗೆ ಹಾಕಿದ್ದು ಸತ್ತ ಸೊಳ್ಳೆ! ಉಣ್ಣೆ ಸಿಕ್ಕರೆ ಗೋಡೆಹುಳು ಅದನ್ನೂ ಬಿಡುವುದಿಲ್ಲ, ನಿಜ. ಆದರೆ ಅದು ಉಣ್ಣೆಯನ್ನೇ ಹುಡುಕಿಕೊಂಡು ಬಂದ ಹುಳುವಲ್ಲ.

ಬಟ್ಟೆಹುಳು ಬೇಕಂತಲೇ ಉಣ್ಣೆ, ತುಪ್ಪಳ, ಗರಿಗಳ ಮೇಲೆ ಬೆಳೆಯುತ್ತದೆ. ಇವುಗಳಲ್ಲಿ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಇದೆ. ಇದನ್ನು ಅರಗಿಸಿಕೊಳ್ಳುವ ಪ್ರಾಣಿಗಳು ಬಹಳ ಕಡಿಮೆ. ಶುದ್ಧ ಹತ್ತಿ ಇದಕ್ಕೆ ಆಹಾರವಲ್ಲ. ಹಾಗಾಗಿ ಹತ್ತಿ ಪಂಚೆಯ ಮೇಲೆ ಗೂಡು ಕಂಡರೆ ಗಾಬರಿ ಬೇಡ, ಪಕ್ಕದಲ್ಲಿ ಯಾವ ಉಣ್ಣೆ ಇದೆ ನೋಡಿ. ರೇಷ್ಮೆ ಸೀರೆ ಇಟ್ಟವರು ಮಾತ್ರ ಸ್ವಲ್ಪ ಎಚ್ಚರವಾಗಿರಬೇಕು. ಬೆವರು, ಎಣ್ಣೆ ಕಲೆ ಇರುವ ಕಡೆ ಹುಳು ಬಾಯಿ ಹಾಕಬಹುದು.

ಜಾಗ ನೋಡಿಯೇ ತೀರ್ಮಾನ ಮಾಡಿಬಿಡಬೇಡಿ. ಬಟ್ಟೆಹುಳುವೂ ಕೋಶವಾಗುವ ಕಾಲಕ್ಕೆ ಉಣ್ಣೆ ಬಿಟ್ಟು ಹೊರಡುತ್ತದೆ. ಗೋಡೆ ಹತ್ತುತ್ತದೆ, ಸಂದಿ ಸೇರುತ್ತದೆ, ಕೆಲವೊಮ್ಮೆ ಮಾಡಿಗೂ ಹೋಗುತ್ತದೆ. ‘ಗೋಡೆ ಮೇಲಿತ್ತು, ಹಾಗಾಗಿ ಗೋಡೆಹುಳು’ ಅಂತ ಹೇಳಿ ಕಂಬಳಿ ಕಳೆದುಕೊಂಡವರಿದ್ದಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಅಟ್ಟದ ಗೋಡೆಯ ಮೇಲೆ ಮೂರು ಗೂಡು ಕಂಡಿದ್ದವು. ಬಚ್ಚಲಿನಲ್ಲಿ ದಿನಾ ನೋಡುವ ಹುಳುವೇ ಇರಬೇಕು ಅಂತ ಗುಡಿಸಿ ಹಾಕಿದೆ. ಅವು ಕಪ್ಪಗಿದ್ದವು, ಮುಟ್ಟಿದರೆ ನಯವಾಗಿದ್ದವು. ಆಗ ಅದನ್ನು ಗಮನಿಸಿ ಯೋಚಿಸಲಿಲ್ಲ. ಕೆಳಗಿದ್ದ ಟ್ರಂಕು ತೆರೆದಾಗ ಅಜ್ಜಿ ಹೊದೆಯುತ್ತಿದ್ದ ಕರಿ ಕಂಬಳಿಯಲ್ಲಿ ಬೆಳಕು ಕಾಣುತ್ತಿತ್ತು.

ಹಂತ 2: ಗೂಡಿನ ಆಕಾರ ಮತ್ತು ಅಳತೆ

ಬ್ರಷ್ಷಿನಿಂದ ಮೆಲ್ಲಗೆ ಗೂಡನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ. ಚಿಮಟದಿಂದ ಹಿಡಿದರೆ ಒಳಗಿನ ಹುಳು ನಜ್ಜುಗುಜ್ಜಾಗುತ್ತದೆ. ಪಕ್ಕದಲ್ಲಿ ಸ್ಕೇಲಿಟ್ಟು ಮೇಲಿನಿಂದ ಒಂದು, ಬದಿಯಿಂದ ಒಂದು ಫೋಟೋ ತೆಗೆಯಿರಿ. ಬದಿಯ ಫೋಟೋ ಬಹಳ ಜನ ಮರೆಯುತ್ತಾರೆ. ಗೂಡು ಚಪ್ಪಟೆಯೋ ಉರುಟೋ ಅಂತ ಅದರಲ್ಲೇ ಗೊತ್ತಾಗುವುದು.

ಗೋಡೆಹುಳುವಿನ ಗೂಡು ಕುಂಬಳ ಬೀಜದ ಹಾಗೆ. ನಡುವೆ ಅಗಲ, ಎರಡೂ ತುದಿ ಸಪೂರ, ಒತ್ತಿದ ಹಾಗೆ ಚಪ್ಪಟೆ. ಬೆಳೆದ ಗೂಡು 8ರಿಂದ 14 ಮಿಲಿಮೀಟರ್ ಉದ್ದ, 3ರಿಂದ 5 ಮಿಲಿಮೀಟರ್ ಅಗಲ ಇರುತ್ತದೆ.

ಬಟ್ಟೆಹುಳುವಿನದು ಕೊಳವೆಯಂಥದ್ದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಗಲ ಹೆಚ್ಚೂಕಡಿಮೆ ಒಂದೇ ಸಮ. ನಡುವಿನಲ್ಲಿ ಸ್ವಲ್ಪ ಉಬ್ಬಿರಬಹುದು, ಆದರೆ ಆ ಬೀಜದ ಆಕಾರ ಬರುವುದಿಲ್ಲ. ಉದ್ದ ಸುಮಾರು ಒಂದು ಸೆಂಟಿಮೀಟರ್.

ತೀರಾ ಸಣ್ಣ ಗೂಡುಗಳಲ್ಲಿ, ಅಂದರೆ 4-5 ಮಿಲಿಮೀಟರಿನವುಗಳಲ್ಲಿ, ಆಕಾರ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಅಂಥದ್ದು ಸಿಕ್ಕರೆ ಬಾಟಲಿಯಲ್ಲಿಟ್ಟು ಬೆಳೆಯಲು ಬಿಡಿ.

ಹಂತ 3: ಗೂಡು ಯಾವುದರಿಂದ ಆಗಿದೆ

ಇದು ಮುಖ್ಯ ಹಂತ. ಬೇರೆ ಯಾವುದಕ್ಕೂ ಪುರುಸೊತ್ತಿಲ್ಲದಿದ್ದರೂ ಇದೊಂದನ್ನು ಮಾಡಿ.

ಮಸೂರ ಹಿಡಿದು ಗೂಡಿನ ಮೈ ನೋಡಿ. ಗೋಡೆಹುಳುವಿನ ಗೂಡು ಒರಟು. ಮರಳಿನ ಹರಳು, ಸುಣ್ಣದ ಪುಡಿ, ಮಣ್ಣು, ಕಬ್ಬಿಣದ ತುಕ್ಕು, ಕೀಟಗಳ ಹಿಕ್ಕೆ, ಇರುವೆಯ ಕಾಲು, ಒಂದೆರಡು ಕೂದಲು, ಹೀಗೆ ಸುತ್ತ ಸಿಕ್ಕಿದ್ದೆಲ್ಲ ಅಂಟಿರುತ್ತದೆ. ಕೆಮ್ಮಣ್ಣಿನ ಗೋಡೆಯ ಹತ್ತಿರದ್ದು ಕೆಂಪಗೆ, ಸಿಮೆಂಟಿನ ಹತ್ತಿರದ್ದು ಬೂದಿ ಬಣ್ಣಕ್ಕೆ ಕಾಣುತ್ತದೆ. ಬೆರಳಿಂದ ಮುಟ್ಟಿದರೆ ಉಪ್ಪುಕಾಗದ ಮುಟ್ಟಿದ ಹಾಗೆ. ಒಳಗೆ ಮಾತ್ರ ನುಣುಪಾದ ರೇಷ್ಮೆ.

ಬಟ್ಟೆಹುಳುವಿನ ಗೂಡು ಮೃದು. ತಾನು ತಿನ್ನುವ ಬಟ್ಟೆಯ ನೂಲಿನ ತುಣುಕುಗಳನ್ನೇ ಅದು ರೇಷ್ಮೆಯ ಜೊತೆ ನೇಯುತ್ತದೆ. ಕೆಂಪು ಸ್ವೆಟರಿನ ಮೇಲೆ ಬೆಳೆದದ್ದು ಕೆಂಪು, ಕರಿ ಕಂಬಳಿಯ ಮೇಲಿನದು ಕಪ್ಪು. ಅದಕ್ಕೇ ಅದು ಬಟ್ಟೆಯ ಮೇಲಿದ್ದಾಗ ಕಣ್ಣಿಗೆ ಬೀಳುವುದೇ ಇಲ್ಲ. ಕಂಬಳಿಯನ್ನು ಬೆಳಕಿಗೆ ಹಿಡಿದು, ಬಿಳಿ ಹಾಳೆಯ ಮೇಲೆ ಕೊಡವಿದಾಗ ಸಿಗುತ್ತದೆ.

ಈ ಬಣ್ಣದ ಗುಟ್ಟನ್ನು ಹದಿನೆಂಟನೇ ಶತಮಾನದಲ್ಲೇ ಫ್ರಾನ್ಸಿನ ರಿಯೋಮುರ್ ಎಂಬ ವಿಜ್ಞಾನಿ ಬಿಡಿಸಿ ನೋಡಿದ್ದರು. ಒಂದು ಬಣ್ಣದ ಉಣ್ಣೆಯ ಮೇಲಿದ್ದ ಹುಳುವನ್ನು ಇನ್ನೊಂದು ಬಣ್ಣದ ಉಣ್ಣೆಗೆ ಬಿಟ್ಟರು. ಹುಳು ಬೆಳೆದಾಗ ಗೂಡಿನ ಎರಡೂ ತುದಿಗೆ ಹೊಸ ಬಣ್ಣದ ಪಟ್ಟಿ ಬಂತು. ಗೂಡಿನ ಉದ್ದಕ್ಕೂ ಒಂದು ಪಟ್ಟಿ ಬಂತು! ಅದು ಹೇಗೆ ಅಂದರೆ, ಗೂಡು ಬಿಗಿಯಾದಾಗ ಹುಳು ಪಕ್ಕವನ್ನು ಸೀಳಿ, ನಡುವೆ ಹೊಸ ತುಂಡು ಕೂರಿಸಿ ನೇಯುತ್ತದೆ. ಬಿಗಿಯಾದ ರವಿಕೆಯ ಹೊಲಿಗೆ ಬಿಚ್ಚಿ ಪಕ್ಕಕ್ಕೆ ಪಟ್ಟಿ ಕೊಡುವುದಿಲ್ಲವೇ, ಥೇಟ್ ಹಾಗೆ. ಹುಳುವಿನ ಹಿಕ್ಕೆಗೂ ತಿಂದ ಉಣ್ಣೆಯ ಬಣ್ಣವೇ ಇರುವುದನ್ನೂ ಅವರು ಗಮನಿಸಿದ್ದರು.

ನೀವೂ ಇದನ್ನು ಮಾಡಬಹುದು. ಹುಳು ಇರುವ ಗೂಡನ್ನು ಬಾಟಲಿಗೆ ಹಾಕಿ, ಬೇರೆ ಬಣ್ಣದ ಶುದ್ಧ ಉಣ್ಣೆಯ ಎಳೆ ಕೊಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಮಾರುವ ನೂಲಿನಲ್ಲಿ ಎಷ್ಟೋ ಸಲ ಉಣ್ಣೆಯೇ ಇರುವುದಿಲ್ಲ, ಅಕ್ರಿಲಿಕ್ ಇರುತ್ತದೆ. ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಂಟಾಗುತ್ತದೆ. ಹುಳು ಉಣ್ಣೆಯನ್ನು ತಿಂದು, ಆ ಬಣ್ಣದ ಹಿಕ್ಕೆ ಹಾಕಿ, ಗೂಡಿಗೆ ಆ ಬಣ್ಣದ ಪಟ್ಟಿ ನೇಯ್ದರೆ ಬಟ್ಟೆಹುಳು ಅನ್ನುವ ಕಡೆಗೆ ದೊಡ್ಡ ಪುರಾವೆ ಸಿಕ್ಕಿತು. ಒಂದು ಮಾತು ನೆನಪಿರಲಿ. ಬೇರೇನೂ ಸಿಗದಿದ್ದಾಗ ಗೋಡೆಹುಳುವೂ ಉಣ್ಣೆಯ ಎಳೆಯನ್ನು ಗೂಡಿಗೆ ಅಂಟಿಸಿಕೊಳ್ಳಬಹುದು. ಆದ್ದರಿಂದ ಬಣ್ಣವನ್ನು ಆಕಾರದ ಜೊತೆ ಸೇರಿಸಿಯೇ ಓದಬೇಕು.

ಹಂತ 4: ಹುಳುವನ್ನು ನೋಡಿ

ಗೂಡನ್ನು ಹಾಳೆಯ ಮೇಲಿಟ್ಟು ಅಲ್ಲಾಡದೆ ಕೂರಿ. ಎರಡು ಮೂರು ನಿಮಿಷಕ್ಕೆ ತಲೆ ಹೊರಗೆ ಬರುತ್ತದೆ. ಕಂದು ತಲೆ, ಮೂರು ಜೊತೆ ಕಾಲು, ಅದರ ಹಿಂದೆ ಬಿಳಿ ಮೈ. ಬೆರಳು ಮುಂದೆ ತಂದರೆ ಸರಕ್ಕನೆ ಒಳಗೆ ಹೋಗುತ್ತದೆ. ಈಗ ಇನ್ನೊಂದು ತುದಿಯ ಮೇಲೆ ಕಣ್ಣಿಡಿ. ಸ್ವಲ್ಪ ಹೊತ್ತಿಗೆ ಅದೇ ತಲೆ ಅಲ್ಲಿಂದ ಇಣುಕಬಹುದು. ಅಷ್ಟು ಇಕ್ಕಟ್ಟಿನಲ್ಲೇ ಮೈಯನ್ನು ಮಡಚಿ ತಿರುಗಿಸಿಕೊಂಡಿರುತ್ತದೆ. ಗೋಡೆಹುಳುವಿನ ಗೂಡು ನಡುವೆ ಅಗಲ ಇರುವುದು ಈ ತಿರುಗಾಟಕ್ಕೆ ಒಳ್ಳೆಯ ಅನುಕೂಲ.

ಹುಳುವಿನ ಮೈ ನೋಡಿ ಬರಿಗಣ್ಣಿನಲ್ಲಿ ಎರಡನ್ನೂ ಬೇರೆ ಮಾಡಲಾಗದು. ಇಲ್ಲಿ ತಿಳಿಯಬೇಕಾದ್ದು ಒಳಗೆ ಜೀವ ಇದೆಯೋ ಇಲ್ಲವೋ ಅನ್ನುವುದು. ಗೋಡೆಯ ಮೇಲಿನ ಎಷ್ಟೋ ಗೂಡುಗಳು ಖಾಲಿ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉಣ್ಣೆಯ ಮೇಲೆ ಬಲೆಯಂಥ ಜಾಲ, ಅಂಟಿಕೊಂಡ ಸುರಂಗ ಕಂಡು, ಹೊತ್ತು ತಿರುಗುವ ಗೂಡು ಕಾಣದಿದ್ದರೆ ಅದು ಮೂರನೆಯ ನಂಟ, ಟೀನಿಯೋಲಾ ಎಂಬ ಬಟ್ಟೆ ನುಸಿ. ಅದರ ಪತಂಗ ಒಣಹುಲ್ಲಿನ ಬಂಗಾರ ಬಣ್ಣದ್ದು, ರೆಕ್ಕೆಯಲ್ಲಿ ಮಚ್ಚೆ ಇಲ್ಲ.

ಹಂತ 5: ಪತಂಗ ಆಗುವವರೆಗೆ ಸಾಕಿ

ಜಾಮ್ ಬಾಟಲಿಗೆ ಗೂಡು ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಗೋಡೆಹುಳುವಿಗೆ ಹಳೆಯ ಜೇಡರ ಬಲೆ, ಸತ್ತ ಸೊಳ್ಳೆ ಹಾಕಿ. ಬಟ್ಟೆಹುಳುವಿಗೆ ಉಣ್ಣೆ. ಬಾಟಲಿಯ ಪಕ್ಕದಲ್ಲಿ ಒಂದು ಬಟ್ಟಲು ನೀರಿಡಿ, ಬಾಟಲಿಯೊಳಗೆ ನೀರು ಚಿಮುಕಿಸಬೇಡಿ, ಬೂಷ್ಟು ಬರುತ್ತದೆ. ಒಳಗೆ ಒಂದು ಕಡ್ಡಿ ಅಥವಾ ರಟ್ಟಿನ ತುಂಡು ನಿಲ್ಲಿಸಿ, ಹತ್ತಲು ಬೇಕಾಗುತ್ತದೆ.

ತಾಳ್ಮೆ ಇರಲಿ. ಗೋಡೆಹುಳುವಿನ ಮೊಟ್ಟೆ ಒಡೆಯಲು ಸುಮಾರು 10 ದಿನ, ಮರಿ ಬೆಳೆಯಲು ಸುಮಾರು 50 ದಿನ, ಕೋಶದಲ್ಲಿ 11ರಿಂದ 23 ದಿನ. ಹಣ್ಣಾದ ಹುಳು ಮೇಲೆ ಹತ್ತಿ, ಗೂಡಿನ ಎರಡೂ ತುದಿಯನ್ನು ರೇಷ್ಮೆಯಿಂದ ಅಂಟಿಸಿಕೊಳ್ಳುತ್ತದೆ. ಒಂದು ತುದಿಯ ಅಂಚುಗಳನ್ನು ಸೀಳಿ, ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲಿನ ಹಾಗೆ ಚಪ್ಪಟೆ ಮಾಡಿಕೊಳ್ಳುತ್ತದೆ. ಪತಂಗ ಹೊರಗೆ ಬಂದ ಮೇಲೆ ಕೋಶದ ಸಿಪ್ಪೆ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ.

ಪತಂಗದ ಬದಲು ಪುಟ್ಟ ಕಣಜ ಹೊರಗೆ ಬಂದರೆ ಬೇಸರ ಪಡಬೇಡಿ. ಅಪಾಂಟೆಲಿಸ್ ಕಾರ್ಪಾಟಸ್ ಎಂಬ ಪರಾವಲಂಬಿ ಕಣಜ ಈ ಎರಡೂ ಬಗೆಯ ಹುಳುಗಳ ಮೇಲೆ ಬೆಳೆಯುತ್ತದೆ. ಅದನ್ನೂ ಬರೆದಿಡಿ.

ಹಂತ 6: ರೆಕ್ಕೆ

ಗೋಡೆಹುಳುವಿನ ಹೆಣ್ಣು ಪತಂಗ ರೆಕ್ಕೆ ಬಿಚ್ಚಿದಾಗ 10ರಿಂದ 13 ಮಿಲಿಮೀಟರ್, ಗಂಡು ಇನ್ನೂ ಚಿಕ್ಕದು. ಬೂದು ಬಣ್ಣ, ಮುಂದಿನ ರೆಕ್ಕೆಯಲ್ಲಿ ನಾಲ್ಕರವರೆಗೆ ಮಚ್ಚೆ, ಹಿಂದಿನ ರೆಕ್ಕೆಯ ಅಂಚಿಗೆ ಕೂದಲಿನಂಥ ಉದ್ದ ಹುರುಪೆಗಳ ಕುಚ್ಚು. ಬಟ್ಟೆಹುಳುವಿನ ಪತಂಗ 9ರಿಂದ 16 ಮಿಲಿಮೀಟರ್, ಕಂದು ಬೆರೆತ ಬೂದು, ಮುಂದಿನ ರೆಕ್ಕೆಯಲ್ಲಿ ಮೂರು ಮಚ್ಚೆ, ಅದರಲ್ಲಿ ಒಂದು ಎದ್ದು ಕಾಣುವಂಥದ್ದು.

ಕೇಳಲು ಸುಲಭ ಅಲ್ವಾ? ಆದರೆ ಈ ಮಚ್ಚೆಗಳು ಹುರುಪೆಯವು. ಎರಡು ದಿನ ಹಾರಾಡಿದರೆ, ಬಾಟಲಿಗೆ ಉಜ್ಜಿದರೆ ಉದುರುತ್ತವೆ. ಗೋಡೆಹುಳುವಿನ ಗಂಡಿನಲ್ಲಂತೂ ಮೊದಲೇ ಮಸುಕು. ಮಚ್ಚೆ ಎಣಿಸಿ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಪತಂಗದ ಜೊತೆ ಅದು ಹೊರಬಂದ ಗೂಡನ್ನೂ ಒಂದೇ ಪೊಟ್ಟಣದಲ್ಲಿ ಇಡಬೇಕು.

ಹಂತ 7: ಹೆಸರನ್ನು ಎಲ್ಲಿಯವರೆಗೆ ಬರೆಯಬಹುದು

ಗೋಡೆಹುಳುವಿನಲ್ಲೇ ಎರಡು ಹತ್ತಿರದ ಜಾತಿಗಳಿವೆ. ಫೆರಿಯೋಕಾ ಅಲ್ಯುಟೆಲ್ಲಾ, 1892ರಲ್ಲಿ ರೆಬೆಲ್ ಹೆಸರಿಸಿದ್ದು. ಫೆರಿಯೋಕಾ ಯುಟೆರೆಲ್ಲಾ, 1897ರಲ್ಲಿ ವಾಲ್ಸಿಂಗ್‌ಹ್ಯಾಮ್ ಹೆಸರಿಸಿದ್ದು. ಹಿಂಟನ್ ಮತ್ತು ಬ್ರ್ಯಾಡ್ಲಿ 1956ರಲ್ಲಿ ಇವಕ್ಕಾಗಿ ಫೆರಿಯೋಕಾ ಎಂಬ ಕುಲವನ್ನೇ ಬೇರೆ ಮಾಡಿದರು. ಅಲ್ಯುಟೆಲ್ಲಾ ಭಾರತ, ಶ್ರೀಲಂಕಾದಿಂದಲೂ ದಾಖಲಾಗಿದೆ. ಆದರೆ ಅಂತರ್ಜಾಲದಲ್ಲಿ ಕಾಣುವ ಹೆಚ್ಚಿನ ಫೋಟೋಗಳಿಗೆ ಯುಟೆರೆಲ್ಲಾ ಎಂಬ ಹೆಸರನ್ನೇ ಹಚ್ಚಿರುತ್ತಾರೆ. ಗೂಡಿನ ಫೋಟೋ ನೋಡಿ ಇವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ‘ಫೆರಿಯೋಕಾ’ ಅಂತ ಬರೆದು ನಿಲ್ಲಿಸಿ. ಅದು ಸರಿಯಾದ ಉತ್ತರ.

ಬಟ್ಟೆಹುಳುವಿನದ್ದೂ ಇದೇ ಕಥೆ. ಟೀನಿಯಾ ಪೆಲ್ಲಿಯೊನೆಲ್ಲಾ ಎಂಬ ಹೆಸರು ಲಿನೇಯಸ್ 1758ರಲ್ಲಿ ಕೊಟ್ಟದ್ದು. ಅದರ ಹಾಗೇ ಕಾಣುವ ಜಾತಿಗಳ ಒಂದು ಗುಂಪೇ ಇದೆ. 1979ರಲ್ಲಿ ಗೇಡನ್ ರಾಬಿನ್ಸನ್ ಈ ಇಡೀ ಗುಂಪನ್ನು ಪರಿಶೀಲಿಸಿ ವಿಂಗಡಿಸಿದರು. ನಮ್ಮಂಥ ಬಿಸಿ ನಾಡುಗಳಲ್ಲಿ ಟೀನಿಯಾ ಟ್ರಾನ್ಸ್‌ಲೂಸೆನ್ಸ್ ಎಂಬ ನಂಟ ಇರುವ ಸಾಧ್ಯತೆಯನ್ನು ಮರೆಯಬಾರದು.

ಜಾತಿ ಖಚಿತ ಆಗಬೇಕಾದರೆ ಪತಂಗದ ಹೊಟ್ಟೆಯ ತುದಿಯ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುತ್ತಾರೆ, ಚರ್ಮ ಸುಡುವ ಕ್ಷಾರ ಅದು. ಮನೆಯಲ್ಲಿ ಮಾಡುವ ಕೆಲಸವಲ್ಲ. ಕೃಷಿ ವಿಶ್ವವಿದ್ಯಾಲಯಗಳ ಕೀಟಶಾಸ್ತ್ರ ವಿಭಾಗದವರನ್ನು ಕೇಳಿ ನೋಡಿ. ಕಳಿಸುವುದಾದರೆ ಪತಂಗವನ್ನು ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಊರು, ತಾರೀಖು, ಸಿಕ್ಕಿದ ಜಾಗ, ಸಾಕಿದ್ದಾದರೆ ಏನು ತಿನ್ನಿಸಿದಿರಿ, ಎಲ್ಲ ಚೀಟಿಯಲ್ಲಿರಲಿ. ಚೀಟಿ ಇಲ್ಲದ ಪತಂಗದಿಂದ ಯಾರಿಗೂ ಉಪಯೋಗವಿಲ್ಲ.

ಗುರುತಾದ ಮೇಲೆ

ಗೋಡೆಹುಳು ಆದರೆ ವಿಷ ಬೇಡ. ಇದು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಕೋಲಿಗೆ ಪೊರಕೆ ಕಟ್ಟಿ ಜೇಡರ ಬಲೆ ತೆಗೆಯಿರಿ, ಬೀರು ಮಂಚಗಳ ಹಿಂದೆ ಗುಡಿಸಿ, ಬಚ್ಚಲಿಗೆ ಗಾಳಿ ಆಡಲಿ. ಗುಡಿಸಿದ ಗೂಡುಗಳನ್ನು ಹೊರಗೆ ಹಾಕಿ. ಊಟವೂ ತೇವವೂ ಇಲ್ಲದ ಕಡೆ ಇದು ಹೆಚ್ಚುವುದಿಲ್ಲ.

ಬಟ್ಟೆಹುಳು ಆದರೆ ಆ ದಿನವೇ ಕೆಲಸ ಶುರು ಮಾಡಿ. ಟ್ರಂಕು, ಬೀರು ಪೂರ್ತಿ ಖಾಲಿ ಮಾಡಿ. ಉಣ್ಣೆಯದ್ದನ್ನೆಲ್ಲ ಹೊರಗೆ ತಂದು ಕೊಡವಿ, ಮಡಿಕೆ, ಹೊಲಿಗೆಗಳಲ್ಲಿ ಬ್ರಷ್ ಹಾಕಿ ಉಜ್ಜಿ. ಮೊಟ್ಟೆಗಳು ಕೂತಿರುವುದು ಅಲ್ಲೇ. ಚಳ್ಳಕೆರೆಯಂಥ ಕಡೆಯ ಕೈಮಗ್ಗದ ಕಂಬಳಿ ಇದ್ದರೆ ಇದು ಪಡಬೇಕಾದ ಶ್ರಮವೇ. ಅಂಥ ಕಂಬಳಿ ಮತ್ತೆ ಸಿಗುವುದು ಕಷ್ಟ.

ಸಣ್ಣ ಬಟ್ಟೆಗಳಾದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ. ಬಟ್ಟೆ ಕೋಣೆಯ ಬಿಸಿಗೆ ಬರುವವರೆಗೆ ಹಾಗೇ ಬಿಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಬೇವಿನ ಸೊಪ್ಪು ಇಟ್ಟರೆ ಇರಲಿ, ಆದರೆ ಒಳಗೆ ಈಗಾಗಲೇ ಇರುವ ಮರಿಗಳು ಅದರಿಂದ ಸಾಯುತ್ತವೆ ಅಂತ ನಂಬಿ ಕೂರಬೇಡಿ. ನುಸಿಗುಳಿಗೆಯ ಬಗ್ಗೆ ನನ್ನ ಮಾತು ಕಟ್ಟುನಿಟ್ಟು. ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಕಂಬಳಿ, ಟೋಪಿಯನ್ನು ಎಳೆ ಮಗುವಿಗೆ ಹಾಕಲೇಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ.

ಬಟ್ಟೆ ತಿರುಗಿ ಒಳಗಿಡುವ ಮೊದಲು ಟ್ರಂಕಿನ ಮೂಲೆ, ಬೀರುವಿನ ಹಲಗೆಯ ಸಂದಿ, ಮೇಲಿನ ಗೋಡೆಯನ್ನು ಟಾರ್ಚ್ ಹಿಡಿದು ನೋಡಿ. ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಹೊಸ ಗೂಡು ಸಿಕ್ಕರೆ ಬಿಳಿ ಹಾಳೆಯ ಮೇಲಿಟ್ಟು ಅದರ ಬಣ್ಣ ಗುರುತು ಮಾಡಿಕೊಳ್ಳಿ. ಆಮೇಲೆ ಮನೆಯಲ್ಲಿ ಆ ಬಣ್ಣದ ಉಣ್ಣೆ ಎಲ್ಲಿದೆ ಅಂತ ಹುಡುಕಿ.